ಕೀಪ್ಯಾಡ್ ಫೋನಿನ ಪುಕ್ಕಟೆ ಗೇಮ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಶೂ ಡಬ್ಬಿ ಇದೆ. ಅದರಲ್ಲಿ 11 ಹಳೇ ಫೋನುಗಳಿವೆ. ಏಳು ಆನ್ ಆಗುತ್ತವೆ, ನಾಲ್ಕು ಆಗುವುದಿಲ್ಲ. ಈ ವಿಷಯ ಹೇಗೋ ನೆಂಟರಿಷ್ಟರಿಗೆಲ್ಲ ಗೊತ್ತಾಗಿದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಕೋಸಂಬರಿ ಬಡಿಸುವ ಮೊದಲೇ ಶುರು ಮಾಡುತ್ತಾರೆ: "ಆ ಹಾವಿನ ಗೇಮ್ ಈಗ ಎಲ್ಲಿ ಸಿಗುತ್ತೆ?" ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಕೇಳಿದ್ದನ್ನೆಲ್ಲ ಇಲ್ಲಿ ಬರೆದು ಹಾಕಿದ್ದೇನೆ. ಇನ್ನು ಮೇಲೆ ಇದನ್ನೇ ಕಳಿಸುತ್ತೇನೆ.

ಹಾವಿನ ಗೇಮ್ ಮೊದಲು ಬಂದದ್ದು ಯಾವ ಫೋನಿನಲ್ಲಿ?

ನೋಕಿಯಾ 6110ರಲ್ಲಿ. ಅದು 1997ರ ಫೋನ್. ಗೇಮ್ ಬರೆದವರು ಫಿನ್ಲೆಂಡಿನ ಇಂಜಿನಿಯರ್ ತಾನೆಲಿ ಅರ್ಮಾಂಟೊ. ಹಾವಿನ ಆಟದ ಐಡಿಯಾ ಮಾತ್ರ ಅವರದಲ್ಲ. 1976ರಲ್ಲೇ ಗ್ರೆಮ್ಲಿನ್ ಎಂಬ ಕಂಪನಿ ಬ್ಲಾಕೇಡ್ ಎಂಬ ಆರ್ಕೇಡ್ ಗೇಮ್ ಮಾಡಿತ್ತು. ಹಿಂದೆ ಬಾಲ ಬೆಳೆಯುತ್ತಾ ಹೋಗುವ, ಅದಕ್ಕೇ ಡಿಕ್ಕಿ ಹೊಡೆದರೆ ಔಟ್ ಆಗುವ ಆಟ ಅಲ್ಲಿಂದ ಬಂದದ್ದು.

ಎರಡು 6110 ಫೋನುಗಳನ್ನು ಎದುರುಬದುರು ಇಟ್ಟು, ಇನ್‌ಫ್ರಾರೆಡ್ ಮೂಲಕ ಇಬ್ಬರು ಒಟ್ಟಿಗೆ ಆಡಬಹುದಿತ್ತು. ಹಾಗೆ ಆಡಿದ ಒಬ್ಬರೂ ನನಗೆ ಸಿಕ್ಕಿಲ್ಲ. ಒಂದು ಬೀದಿಗೆ ಒಂದು ಫೋನ್ ಇದ್ದರೆ ಹೆಚ್ಚು ಅನ್ನುವ ಕಾಲದಲ್ಲಿ ಎರಡನ್ನು ಎಲ್ಲಿಂದ ತರುವುದು?

"ಮೊಬೈಲಿನಲ್ಲಿ ಬಂದ ಮೊದಲ ಗೇಮ್ ಇದೇ" ಅಂತ ಸುಮಾರು ಜನ ಹೇಳುತ್ತಾರೆ. ಅದು ತಪ್ಪು. 1994ರಲ್ಲೇ ಹಾಗೆನುಕ್ ಎಂಟಿ-2000 ಎಂಬ ಫೋನಿನಲ್ಲಿ ಟೆಟ್ರಿಸ್ ಇತ್ತು.

ನಾನು ಆಡಿದ ಹಾವು ಈ ಗೋಡೆಯಲ್ಲಿ ಹೋಗಿ ಆ ಗೋಡೆಯಲ್ಲಿ ಬರುತ್ತಿತ್ತು. ನನ್ನ ಫ್ರೆಂಡ್ ಮಾತ್ರ "ಗೋಡೆಗೆ ಬಡಿದರೆ ಸತ್ತೇಹೋಗುತ್ತಿತ್ತು" ಅಂತಾನೆ. ಯಾರು ಸರಿ?

ಇಬ್ಬರೂ ಸರಿ. ಫ್ರೆಂಡ್ ನಿಮಗಿಂತ ಮೊದಲೇ ಫೋನ್ ನೋಡಿದವರು, ಅಷ್ಟೇ. 6110, 5110, 3210 ಫೋನುಗಳಲ್ಲಿದ್ದ ಮೊದಲ ಸ್ನೇಕ್‌ನಲ್ಲಿ ಸುತ್ತಲೂ ಗೋಡೆ. ಬಡಿದರೆ ಮುಗಿಯಿತು. 2000ದಲ್ಲಿ ಬಂದ 3310ರಲ್ಲಿ ಸ್ನೇಕ್ 2 ಇತ್ತು. ಅದರಲ್ಲಿ ಮೇಜ್ (ಗೋಡೆಗಳಿರುವ ಅಂಕಣ) ಆರಿಸದೆ ಆಡಿದರೆ ಎಡಕ್ಕೆ ಹೋದ ಹಾವು ಬಲದಿಂದ ಬರುತ್ತದೆ. ನಡುನಡುವೆ ಓಡಿಬರುವ ಹುಳಗಳಿಗೆ ಬೋನಸ್ ಪಾಯಿಂಟ್ ಸಿಗುವುದೂ ಅದರಲ್ಲೇ.

ಮೊದಲ ಸ್ನೇಕ್‌ನಲ್ಲಿ ಒಂದು ಸಣ್ಣ ಕರುಣೆ ಇತ್ತು. ಹಾವು ಗೋಡೆ ಮುಟ್ಟುವ ಮುನ್ನ ಕೆಲವು ಮಿಲಿಸೆಕೆಂಡ್ ಜಾಸ್ತಿ ಸಮಯ ಸಿಗುವ ಹಾಗೆ ಅರ್ಮಾಂಟೊ ಬರೆದಿದ್ದರು. "ಅಬ್ಬಾ, ಕೂದಲೆಳೆಯಲ್ಲಿ ಉಳಿಸಿಕೊಂಡೆ" ಅಂತ ನಾವು ನಮ್ಮ ಬೆರಳಿನ ಚುರುಕುತನ ಹೊಗಳಿಕೊಳ್ಳುತ್ತಿದ್ದೆವಲ್ವಾ? ಅದರಲ್ಲಿ ಸ್ವಲ್ಪ ಅವರದ್ದೂ ಪಾಲಿದೆ.

ಟಾರ್ಚ್ ಇದ್ದ ಫೋನ್ ಇತ್ತಲ್ಲ, 1100. ಅದರಲ್ಲಿ ಯಾವ ಗೇಮ್ ಇದ್ದವು?

ಎರಡೇ: ಸ್ನೇಕ್ 2 ಮತ್ತು ಸ್ಪೇಸ್ ಇಂಪ್ಯಾಕ್ಟ್ ಪ್ಲಸ್.

ಈ ಫೋನಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2003ರಲ್ಲಿ ಬಂದ ಈ ಸೆಟ್ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಧೂಳು ಒಳಗೆ ಹೋಗಬಾರದು ಅಂತ ಇಡೀ ಕೀಪ್ಯಾಡನ್ನು ಒಂದೇ ರಬ್ಬರ್ ಹಾಳೆಯಲ್ಲಿ ಮಾಡಿದ್ದರು. ಬೆವರಿದ ಕೈಯಿಂದ ಜಾರದ ಹಾಗೆ ಹಿಡಿತವಿತ್ತು. ಸ್ಕ್ರೀನಿನಲ್ಲಿ 96 ಅಡ್ಡ, 65 ಉದ್ದ, ಒಟ್ಟು 6,240 ಚುಕ್ಕಿ. ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಹತ್ತಿಪ್ಪತ್ತು ಲಕ್ಷ ಚುಕ್ಕಿಗಳಿರುತ್ತವೆ.

ನಮ್ಮ ಮನೆಗೆ ಅದು ಬಂದದ್ದು 2005ರಲ್ಲಿ. ಅಪ್ಪ ಕೊಂಡದ್ದು ತಿಪಟೂರು ಮಾರುಕಟ್ಟೆಯ ಕೊಬ್ಬರಿ ರೇಟ್ ಕೇಳುವುದಕ್ಕೆ. ಫೋನ್ ಅಪ್ಪನ ಅಂಗಿಯ ಜೇಬಿನಲ್ಲಿ, ಅಂಗಿ ಗೂಟದಲ್ಲಿ, ನಾವು ಗೂಟದ ಕೆಳಗೆ. ಅಪ್ಪ ಸ್ನಾನಕ್ಕೆ ಹೋದ ಹತ್ತು ನಿಮಿಷ ನಮ್ಮದು. ಅಣ್ಣನಿಗೆ ಐದು, ನನಗೆ ಐದು. ಬಚ್ಚಲಲ್ಲಿ ಚೆಂಬಿನ ಸದ್ದು ನಿಂತರೆ ಹಾವು ಎಷ್ಟೇ ಉದ್ದ ಇರಲಿ, ಫೋನ್ ವಾಪಸ್ ಜೇಬಿಗೆ.

ಗೇಮ್‌ ಸೆಟ್ಟಿಂಗಿನಲ್ಲಿ ಸೌಂಡ್ ಮತ್ತು ಲೈಟ್ ಆಫ್ ಮಾಡುವ ಜಾಗವಿತ್ತು. ಅದನ್ನು ಕಂಡುಹಿಡಿದ ದಿನ ಅಣ್ಣ ನಮ್ಮ ಮನೆಯ ವಿಜ್ಞಾನಿಯಾದ. ಅಂದಿನಿಂದ ರಾತ್ರಿ ಕಂಬಳಿಯೊಳಗೂ ಆಟ ಶುರು. ಲೈಟ್ ಆಫ್ ಆದ ಮೇಲೆ ಹಾವು ಹೇಗೆ ಕಾಣಬೇಕು? ಕಂಬಳಿಯ ತೂತಿನಿಂದ ಬರುವ ಜೀರೋ ಬಲ್ಬಿನ ಬೆಳಕಿಗೆ ಸ್ಕ್ರೀನನ್ನು ಓರೆ ಮಾಡಿ ಹಿಡಿಯಬೇಕು. ಆರು ತಿಂಗಳಲ್ಲಿ ಆ ರಬ್ಬರಿನ ಮೇಲೆ 2, 4, 6, 8 ಮಾಸಿಹೋದವು. 1 ಮತ್ತು 3 ಹೊಸದರ ಹಾಗೇ ಇದ್ದವು. ಅಪ್ಪನಿಗೆ ಗೊತ್ತಾಗಿದ್ದೂ ಅದರಿಂದಲೇ.

ವಿಮಾನ ಗುಂಡು ಹೊಡೆಯುತ್ತಾ ಹೋಗುವ ಗೇಮಿನ ಹೆಸರೇನು?

ಸ್ಪೇಸ್ ಇಂಪ್ಯಾಕ್ಟ್. ಅದು ವಿಮಾನ ಅಲ್ಲ, ಅಂತರಿಕ್ಷ ನೌಕೆ. ಆದರೆ ನಮ್ಮ ಕಡೆ ಎಲ್ಲರೂ "ವಿಮಾನದ ಗೇಮ್" ಅಂತಲೇ ಅನ್ನುತ್ತಿದ್ದರು, ಹಾಗೇ ಇರಲಿ ಬಿಡಿ. 3310ರಲ್ಲಿ ಎಂಟು ಲೆವೆಲ್ ಇದ್ದವು. ಪ್ರತಿ ಲೆವೆಲ್ಲಿನ ಕೊನೆಗೆ ಅರ್ಧ ಸ್ಕ್ರೀನ್ ತುಂಬುವ ದೊಡ್ಡ ರಾಕ್ಷಸ.

3310ರಲ್ಲಿ ಅಳಗುಳಿ ಮಣೆ ಇತ್ತು ಅಂದರೆ ಯಾರೂ ನಂಬುತ್ತಿಲ್ಲ. ನನಗೇ ಭ್ರಮೆಯಾ?

ಭ್ರಮೆ ಅಲ್ಲ. ಆ ಗೇಮಿನ ಹೆಸರು ಬಾಂಟುಮಿ. ಗುಳಿಗಳಲ್ಲಿ ಕಾಳು ಹಂಚುತ್ತಾ ಹೋಗುವ ಮಂಕಾಲ ಜಾತಿಯ ಆಟ. ಆಫ್ರಿಕಾದಿಂದ ಹಿಡಿದು ನಮ್ಮ ದೇಶದವರೆಗೆ ಇದರ ಅಕ್ಕತಂಗಿಯರು ಬೇಕಾದಷ್ಟಿದ್ದಾರೆ. ನಮ್ಮಲ್ಲಿ ಅಳಗುಳಿ ಮಣೆ, ತುಳುನಾಡಿನಲ್ಲಿ ಚೆನ್ನೆಮಣೆ. ಅಲ್ಲಿ ಆಟಿ ತಿಂಗಳ ಮಳೆಯಲ್ಲಿ, ಹೊರಗೆ ಗದ್ದೆ ಕೆಲಸ ಇಲ್ಲದಾಗ ಇದನ್ನು ಆಡುವ ರೂಢಿ.

ವ್ಯತ್ಯಾಸ ಏನು ಗೊತ್ತಾ? ನಮ್ಮ ಮಣೆಯಲ್ಲಿ ಸಾಲಿಗೆ ಏಳರಂತೆ 14 ಗುಳಿ. ಬಾಂಟುಮಿಯಲ್ಲಿ ಸಾಲಿಗೆ ಆರು, ಜೊತೆಗೆ ಇಬ್ಬರಿಗೂ ಒಂದೊಂದು ದೊಡ್ಡ ಕಣಜ. ಬಾಂಟುಮಿಯಲ್ಲಿ ಕೊನೆಯ ಕಾಳು ನಿಮ್ಮ ಕಣಜಕ್ಕೆ ಬಿದ್ದರೆ ಇನ್ನೊಂದು ಸಲ ಆಡಬಹುದು. ನಮ್ಮಲ್ಲಿ ಕೈಯ ಕಾಳು ಖಾಲಿಯಾದರೆ ಮುಂದಿನ ಗುಳಿಯದ್ದನ್ನು ಎತ್ತಿಕೊಂಡು ಹಂಚುತ್ತಾ ಹೋಗುವುದು. ಮುಂದಿನ ಗುಳಿ ಬರಿದಾಗಿದ್ದರೆ ಅದನ್ನು ಸವರಿ, ಅದರಾಚೆಯ ಗುಳಿಯಲ್ಲಿ ಇದ್ದಷ್ಟೂ ನಮ್ಮದು. ಊರಿಗೊಂದು ನಿಯಮ ಇದೆ, ಅದರ ಜಗಳ ಬೇಡ.

ನನ್ನ ಸೋದರಮಾವನ ಹತ್ತಿರ 3310 ಇತ್ತು. ಅಜ್ಜಿಗೆ ಬಾಂಟುಮಿ ತೋರಿಸಿದರು. ಅಜ್ಜಿಗೆ ಸ್ಕ್ರೀನ್ ಸರಿಯಾಗಿ ಕಾಣದು. "ನೀನು ಎಣಿಸಿ ಹೇಳು, ನಾನು ಹೇಳಿದ್ದನ್ನು ಒತ್ತು" ಅಂದರು. ಮಾವ ಒತ್ತುತ್ತಾ ಹೋದರು. ಎರಡನೇ ಆಟಕ್ಕೇ ಅಜ್ಜಿ ಫೋನನ್ನು ಸೋಲಿಸಿದರು. ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ. "ಹುಣಸೆಬೀಜ ಕೈಗೆ ಸಿಗಲ್ಲ, ಎಂಥ ಆಟ ಅದು" ಅಂದರು. ಮಾವನಿಗೆ ಆ ಫೋನನ್ನು ಇನ್ನೊಬ್ಬರಿಗೆ ತೋರಿಸುವ ಹುರುಪೇ ಹೋಯಿತು.

ಕೆಂಪು ಚೆಂಡು ಎಗರುತ್ತಾ ಹೋಗುವುದು?

ಬೌನ್ಸ್. 2002ರಲ್ಲಿ ನೋಕಿಯಾ 7210ರ ಜೊತೆ ಬಂತು, ಆಮೇಲೆ ಕಲರ್ ಸೆಟ್‌ಗಳಲ್ಲೆಲ್ಲ ಸಿಗುತ್ತಿತ್ತು. ಒಟ್ಟು 11 ಲೆವೆಲ್. ಬಳೆಗಳ ಒಳಗೆ ತೂರಬೇಕು, ಮುಳ್ಳಿಗೆ ತಾಗಬಾರದು. ಕೆಲವು ಕಡೆ ಚೆಂಡು ಗಾಳಿ ತುಂಬಿದ ಹಾಗೆ ದಪ್ಪ ಆಗುತ್ತದೆ. ದಪ್ಪ ಚೆಂಡು ನೀರಿನಲ್ಲಿ ತೇಲುತ್ತದೆ, ಸಣ್ಣದು ಮುಳುಗುತ್ತದೆ. ಭೌತಶಾಸ್ತ್ರದ ಮೇಷ್ಟ್ರು ಹೇಳಿ ತಲೆಗೆ ಹತ್ತದ್ದು ಈ ಗೇಮಿನಿಂದ ಹತ್ತಿತು.

ಚೆಂಡಿಗೆ ಕಣ್ಣು ಬಾಯಿ ಬಂದದ್ದು 2008ರ ಬೌನ್ಸ್ ಟೇಲ್ಸ್‌ನಲ್ಲಿ. ಅದನ್ನು ಮಾಡಿಕೊಟ್ಟದ್ದು ರೋವಿಯೊ. ಮರುವರ್ಷ ಆಂಗ್ರಿ ಬರ್ಡ್ಸ್ ಮಾಡಿ ಜಗತ್ತಿಗೆಲ್ಲ ಹೆಸರಾದ ಕಂಪನಿಯೇ ಅದು.

ಈ ಗೇಮ್‌ಗಳೆಲ್ಲ ನಿಜವಾಗಿ ಫ್ರೀ ಇದ್ದವಾ?

ಫೋನಿನ ಜೊತೆ ಬಂದವು ಫ್ರೀ. ಫ್ರೀ ಅಂದರೆ ಈಗಿನ ಫ್ರೀ ಅಲ್ಲ. ಲಾಗಿನ್ ಇಲ್ಲ, ಜಾಹೀರಾತು ಇಲ್ಲ, "30 ಸೆಕೆಂಡ್ ವಿಡಿಯೋ ನೋಡಿದರೆ ಇನ್ನೊಂದು ಜೀವ" ಇಲ್ಲ. ಹಾವು ಸತ್ತರೆ ಸತ್ತಿತು. ಮತ್ತೆ ಆಡಬೇಕೋ ಬೇಡವೋ ನಿಮ್ಮಿಷ್ಟ. ನಡುರಾತ್ರಿ "ನಿಮ್ಮ ಹಾವು ನಿಮಗಾಗಿ ಕಾಯುತ್ತಿದೆ" ಅಂತ ಎಬ್ಬಿಸುತ್ತಿರಲಿಲ್ಲ. ಆ ಗೇಮ್‌ಗಳಿಗೆ ನಮ್ಮಿಂದ ಏನೂ ಬೇಕಾಗಿರಲಿಲ್ಲ. ನನಗೆ ಇವತ್ತಿಗೂ ಅವುಗಳ ಮೇಲೆ ಪ್ರೀತಿ ಇರುವುದು ಇದಕ್ಕೇ. ಗೇಮ್ ಚೆನ್ನಾಗಿತ್ತು ಅನ್ನುವುದು ಆಮೇಲಿನ ಮಾತು.

ಡೌನ್‌ಲೋಡ್ ಮಾಡುವವು ಬೇರೆ ಕಥೆ. ಪೇಪರಿನ ಕೊನೆ ಪುಟದಲ್ಲಿ, ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು: ಈ ನಂಬರಿಗೆ ಎಸ್ಸೆಮ್ಮೆಸ್ ಮಾಡಿ, ಗೇಮ್ ಪಡೆಯಿರಿ. ಕಳಿಸಿದರೆ ಕರೆನ್ಸಿ ಖತಂ. (ಕರೆನ್ಸಿ ಅಂದರೆ ರೀಚಾರ್ಜ್. ಕರ್ನಾಟಕದ ಹೊರಗೆ ಈ ಪದ ಹೇಳಿದರೆ ಜನ ನೋಟು ತೆಗೆಯುತ್ತಾರೆ.) ನಾನು ಒಂದು ಕ್ರಿಕೆಟ್ ಗೇಮಿಗೆ ಆಸೆಪಟ್ಟು ಮೆಸೇಜ್ ಕಳಿಸಿದೆ. ಗೇಮ್ ಬರಲಿಲ್ಲ. ದಿನಾ ಬೆಳಿಗ್ಗೆ ರಾಶಿ ಭವಿಷ್ಯ ಬರತೊಡಗಿತು, ದಿನಕ್ಕೆ ಇಷ್ಟು ಅಂತ ದುಡ್ಡು ಹೋಗತೊಡಗಿತು. ಅಪ್ಪನಿಗೆ ಹೇಳುವ ಧೈರ್ಯ ಇಲ್ಲ. ಎರಡು ವಾರ ನಮ್ಮ ಮನೆಗೆ ವೃಷಭ ರಾಶಿಯ ಫಲ ತಪ್ಪದೆ ಬಂತು. ಹೀಗೆ ಕೇಳದೆ ಅಂಟಿಕೊಳ್ಳುವ ಸೇವೆಗಳಿಗೆ ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಲೇಬೇಕು ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಸಂಸ್ಥೆ ಆದೇಶ ಮಾಡಿದ್ದು 2013ರಲ್ಲಿ. ಅಷ್ಟರಲ್ಲಿ ನನ್ನ ಕಾಲೇಜೇ ಮುಗಿದಿತ್ತು.

ಅಂಗಡಿಯಲ್ಲಿ ಗೇಮ್ "ಹಾಕಿಸಿಕೊಳ್ಳುವುದು" ಅಂದರೇನು? ನನ್ನ ಮಗ ಕೇಳಿದ, ನನಗೆ ವಿವರಿಸಲು ಬರಲಿಲ್ಲ.

ಮಗನಿಗೆ ಹೀಗೆ ಹೇಳಿ. ಮೊಬೈಲ್ ಅಂಗಡಿ ಅಂದರೆ ಬಸ್ ಸ್ಟ್ಯಾಂಡ್ ಪಕ್ಕದ ಗೂಡು. ಎದುರಿಗೆ ರೀಚಾರ್ಜ್ ಕೂಪನ್ನುಗಳ ತೋರಣ, ಒಳಗೆ ಒಂದು ದಪ್ಪ ಕಂಪ್ಯೂಟರ್. ಅದರಲ್ಲಿ "ಗೇಮ್ಸ್", "ಹೊಸ ಹಾಡು", "ಅಣ್ಣಾವ್ರು", "ದೇವರ ಹಾಡು" ಅಂತ ಫೋಲ್ಡರ್. ಹೆಬ್ಬೆರಳ ಉಗುರಿಗಿಂತ ಚಿಕ್ಕ ಮೆಮೊರಿ ಕಾರ್ಡ್ ತೆಗೆದುಕೊಟ್ಟರೆ ಅಂಗಡಿಯವನು ರೀಡರಿಗೆ ಸಿಕ್ಕಿಸಿ ತುಂಬಿಕೊಡುತ್ತಿದ್ದ. ನಮ್ಮ ಕಡೆ 1 ಜಿಬಿ ತುಂಬಿಸಲು 20 ರೂಪಾಯಿ. ಯಾವ ಗೇಮ್ ಅಂತ ನಾವು ಆರಿಸುವ ಹಾಗಿಲ್ಲ. "ಎಲ್ಲಾ ಹಾಕಿದ್ದೀನಿ, ಯಾವುದು ಓಡುತ್ತೋ ಅದನ್ನು ಆಡು" ಅನ್ನುತ್ತಿದ್ದ.

ಮನೆಗೆ ಬಂದು ನೋಡಿದರೆ ನೂರು ಗೇಮ್ ಇರುತ್ತಿದ್ದವು. ಅರ್ಧ ತೆರೆಯುತ್ತಲೇ ಇರಲಿಲ್ಲ. ಕಾಲು ಭಾಗ ಚೈನೀಸ್ ಅಥವಾ ರಷ್ಯನ್ ಭಾಷೆಯಲ್ಲಿ. ಯಾವ ಬಟನ್ "ಶುರು", ಯಾವುದು "ಹಿಂದಕ್ಕೆ" ಅಂತ ಒತ್ತಿ ಒತ್ತಿಯೇ ತಿಳಿಯಬೇಕು. ಉಳಿದವುಗಳಲ್ಲಿ ಡೈಮಂಡ್ ರಶ್ ಥರದ ಒಂದು ಸಿಕ್ಕಿಬಿಟ್ಟರೆ ಬೇಸಿಗೆ ರಜಾ ಪೂರ್ತಿ ಅದೇ. ಅಂಗ್ಕೋರ್ ವಾಟ್ ಎಂಬ ಜಾಗ ಭೂಮಿ ಮೇಲೆ ಇದೆ ಅಂತ ನನಗೆ ಗೊತ್ತಾದದ್ದು ಆ ಗೇಮಿನ ಮೊದಲ ಲೋಕದಿಂದ. ಕಂಬೋಡಿಯ ಪಾಠದಲ್ಲಿ ಬಂದದ್ದು ಆಮೇಲೆ.

ಇದೆಲ್ಲ ಕಾಪಿರೈಟ್ ಪ್ರಕಾರ ಸರಿಯಾ ಅಂದರೆ ಅಲ್ಲ. ಮಾಡಿದ ಕಂಪನಿಗೆ ಅದರಿಂದ ನಯಾಪೈಸೆ ಹೋಗುತ್ತಿರಲಿಲ್ಲ. ಆಗ ನಮಗೆ ಅದು ತಲೆಗೇ ಬಂದಿರಲಿಲ್ಲ ಅನ್ನುವುದು ನಿಜ.

ಜಾರ್ ಫೈಲ್ ಅಂದರೆ ಏನು? ನನ್ನ ಫೋನಿನಲ್ಲಿ ಓಡುವ ಗೇಮ್ ಫ್ರೆಂಡ್ ಫೋನಿನಲ್ಲಿ ಯಾಕೆ ಓಡುತ್ತಿರಲಿಲ್ಲ?

ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಮತ್ತು ಅದರ ಚಿತ್ರ, ಸದ್ದುಗಳನ್ನು ಒಂದೇ ಗಂಟು ಕಟ್ಟಿದರೆ ಜಾರ್ ಫೈಲ್. ಫೋನಿನೊಳಗೆ ಜಾವಾ ಓಡಿಸುವ ಒಂದು ಚಿಕ್ಕ ಯಂತ್ರ ಇರುತ್ತಿತ್ತು. ಕಂಪನಿ ಯಾವುದಾದರೂ ಸರಿ, ಆ ಯಂತ್ರ ಇದ್ದರೆ ಗೇಮ್ ಓಡಬೇಕು. ಕಾಗದದ ಮೇಲೆ ಹಾಗೆ.

ನಿಜದಲ್ಲಿ ಸ್ಕ್ರೀನ್ ಅಳತೆ ತೊಂದರೆ ಕೊಡುತ್ತಿತ್ತು. 128 x 128, 128 x 160, 176 x 208, 176 x 220, 240 x 320, ಹೀಗೆ ಫೋನಿಗೊಂದು ಅಳತೆ. ಒಂದೇ ಗೇಮನ್ನು ಕಂಪನಿಗಳು ಹತ್ತಾರು ಅಳತೆಗೆ ಹೊಲಿದು ಕೊಡಬೇಕಿತ್ತು. ದೊಡ್ಡ ಅಳತೆಯದ್ದನ್ನು ಚಿಕ್ಕ ಫೋನಿಗೆ ಹಾಕಿದರೆ ಹೀರೋನ ತಲೆ ಒಂದು ಕಡೆ, ಕಾಲು ಸ್ಕ್ರೀನಿನ ಹೊರಗೆ.

ಜೊತೆಗೆ ಸೈಜ್ ಮಿತಿ. ನೋಕಿಯಾದ ಮೊದಮೊದಲ ಕಲರ್ ಜಾವಾ ಫೋನುಗಳಲ್ಲಿ ಒಂದು ಗೇಮ್ 64 ಕೆಬಿ ಮೀರುವ ಹಾಗಿರಲಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಬರುವ ಒಂದು "ಶುಭೋದಯ" ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರೊಳಗೆ ಕಾರ್ ರೇಸ್, ಹತ್ತು ಲೆವೆಲ್, ಸಂಗೀತ ಎಲ್ಲ ತುರುಕಿದ ಆ ಹುಡುಗ ಹುಡುಗಿಯರಿಗೆ ಕೈ ಮುಗಿಯಬೇಕು.

ಬ್ಲೂಟೂತ್‌ನಲ್ಲಿ ಹಾಡು ಹೋಗುತ್ತಿತ್ತು, ಗೇಮ್ ಹೋಗುತ್ತಿರಲಿಲ್ಲ. ಯಾಕೆ?

ಕೆಲವು ಫೋನುಗಳು ಇನ್‌ಸ್ಟಾಲ್ ಆದ ಗೇಮನ್ನು ಹೊರಗೆ ಕಳಿಸಲು ಬಿಡುತ್ತಿರಲಿಲ್ಲ, ಬೀಗ ಹಾಕಿರುತ್ತಿದ್ದರು. ಮೆಮೊರಿ ಕಾರ್ಡಿನಲ್ಲಿ ಜಾರ್ ಫೈಲ್ ಹಾಗೇ ಇದ್ದರೆ ಕಳಿಸಬಹುದಿತ್ತು. ಹಾಸ್ಟೆಲ್ಲಿನಲ್ಲಿ ಎರಡು ಫೋನುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಇಡುತ್ತಿದ್ದೆವು, ಬೇಗ ಹೋಗಲಿ ಅಂತ. ಹತ್ತು ಮೀಟರ್ ತನಕ ಹೋಗುವ ತರಂಗಕ್ಕೆ ಅದರ ಅವಶ್ಯಕತೆ ಇರಲಿಲ್ಲ. ಅಭ್ಯಾಸ ಇನ್‌ಫ್ರಾರೆಡ್ ಕಾಲದ್ದು.

ಚೈನಾ ಸೆಟ್‌ನಲ್ಲಿ ಮಾರಿಯೋ, ಕಾಂಟ್ರಾ ಇದ್ದದ್ದು ಹೇಗೆ?

ಅವು ಟಿವಿ ವಿಡಿಯೋ ಗೇಮಿನ ಫೈಲುಗಳೇ. ಫೋನಿನೊಳಗೆ ಆ ಹಳೇ ಗೇಮ್ ಡಬ್ಬಿಯನ್ನು ಅನುಕರಿಸುವ ಎಮ್ಯುಲೇಟರ್ ಸೇರಿಸಿಬಿಟ್ಟಿದ್ದರು. ಎರಡು ಸಿಮ್, ನಾಲ್ಕು ಸ್ಪೀಕರ್, ಟಿವಿ ಆಂಟೆನಾ, ಮೇಲೆ ಕಾಂಟ್ರಾ. ಎರಡು ಸಾವಿರ ರೂಪಾಯಿಗೆ ಇನ್ನೇನು ಬೇಕು?

ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಇಲ್ಲದ ಫೋನುಗಳನ್ನು 2009ರ ನವೆಂಬರ್ 30ರ ನಂತರ ನೆಟ್‌ವರ್ಕಿನಿಂದ ಕಡಿದುಹಾಕಲು ಸರ್ಕಾರ ಆದೇಶಿಸಿತು. ನನ್ನ ಚಿಕ್ಕಪ್ಪನ ಸೆಟ್ ಅದರಲ್ಲೇ ಹೋಯಿತು. ಚಿಕ್ಕಪ್ಪ ಅದನ್ನು ನಮಗೆ ಕೊಟ್ಟುಬಿಟ್ಟರು. ಯಾರೂ ಕರೆ ಮಾಡದ, ಯಾರೂ ಕಿತ್ತುಕೊಳ್ಳದ ಮೊಟ್ಟಮೊದಲ ಫೋನ್. ಸರ್ಕಾರದ ಒಂದು ಆದೇಶದಿಂದ ನೇರವಾಗಿ ನನಗೆ ಸಿಕ್ಕ ಲಾಭ ಅದೊಂದೇ.

ಸೀಕ್ರೆಟ್ ಕೋಡ್ ಒತ್ತಿದರೆ ಬಚ್ಚಿಟ್ಟ ಗೇಮ್ ಬರುತ್ತಿತ್ತಂತೆ?

ನೋಕಿಯಾದಲ್ಲಿ ನಾನು ಒತ್ತದ ಕೋಡ್ ಇಲ್ಲ, ಒಂದು ಗೇಮೂ ಬರಲಿಲ್ಲ. *#06# ಒತ್ತಿದರೆ ಐಎಂಇಐ ಬರುತ್ತದೆ, ಅದು ಈಗಿನ ಫೋನಿನಲ್ಲೂ ಬರುತ್ತದೆ. ಹಳೇ ಫೋನ್ "ಸೆಕ್ಯುರಿಟಿ ಕೋಡ್" ಕೇಳಿದರೆ ಮೊದಲು 12345 ಹಾಕಿ ನೋಡಿ. ಯಾರೂ ಬದಲಾಯಿಸಿರುವುದಿಲ್ಲ.

ಈಗಿನ ಆಂಡ್ರಾಯ್ಡ್ ಫೋನಿನಲ್ಲಿ ಆ ಗೇಮ್‌ಗಳನ್ನು ಆಡುವುದು ಹೇಗೆ?

ಜಾವಾ ಗೇಮ್ ಆದರೆ ಜೆ2ಎಂಇ ಲೋಡರ್ ಎಂಬ ಆ್ಯಪ್ ಹಾಕಿಕೊಳ್ಳಿ. ಫ್ರೀ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಜಾರ್ ಫೈಲ್ ಆರಿಸಿ, ಸ್ಕ್ರೀನ್ ಅಳತೆ ಹಾಕಿ (ಗೊತ್ತಿಲ್ಲದಿದ್ದರೆ 240 x 320ರಿಂದ ಶುರು ಮಾಡಿ), ಕೆಳಗೆ ನಂಬರ್ ಕೀಪ್ಯಾಡ್ ಮೂಡುತ್ತದೆ. ಕಂಪ್ಯೂಟರಿನಲ್ಲಿ ಆಡುವವರಿಗೆ ಕೆಎಮ್ಯುಲೇಟರ್, ಫ್ರೀಜೆ2ಎಂಇ ಇವೆ. 6600, ಎನ್-ಗೇಜ್ ಥರದ, ಸಿಂಬಿಯನ್ ಎಂಬ ಸಾಫ್ಟ್‌ವೇರ್ ಇದ್ದ ಫೋನುಗಳ ಗೇಮ್ ಬೇಕಿದ್ದರೆ ಇಕೆಎ2ಎಲ್1.

ಆದರೆ ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. 3310, 1100ರ ಸ್ನೇಕ್ 2, ಸ್ಪೇಸ್ ಇಂಪ್ಯಾಕ್ಟ್, ಬಾಂಟುಮಿ ಜಾವಾ ಗೇಮ್ ಅಲ್ಲ. ಅವು ಫೋನಿನ ಮೂಲ ಸಾಫ್ಟ್‌ವೇರಿನ ಒಳಗೇ ಬೆಸೆದುಕೊಂಡಿದ್ದವು. "ಒರಿಜಿನಲ್ ಸ್ನೇಕ್ 2 ಜಾರ್" ಅಂತ ಸಿಗುವುದು ಯಾರೋ ಮತ್ತೆ ಬರೆದ ನಕಲು. ಚೆನ್ನಾಗಿರುವ ನಕಲುಗಳೂ ಇವೆ, ಆದರೆ ಆ ಹಾವೇ ಬೇಕು ಅಂದರೆ ಆ ಫೋನೇ ಬೇಕು.

ಇನ್ನೊಂದು. ಜಾರ್ ಹುಡುಕಲು ಹೋದ ಕಡೆ ದೊಡ್ಡ ಹಸಿರು "ಡೌನ್‌ಲೋಡ್" ಬಟನ್ ಕಂಡರೆ ಒತ್ತಬೇಡಿ. ಬಂದ ಫೈಲಿನ ಹೆಸರಿನ ಕೊನೆಗೆ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಫೈಲ್) ಅಂತ ಇದ್ದರೆ ಅಲ್ಲೇ ಅಳಿಸಿ. ಹಾವಿನ ಗೇಮ್ ಹುಡುಕಲು ಹೋಗಿ ಬ್ಯಾಂಕ್ ಖಾತೆಗೆ ಹಾವು ಬಿಟ್ಟುಕೊಳ್ಳುವುದು ಬೇಡ.

ಹಾಕಿ ಆಡಿದೆ. ಆದರೆ ಮಜಾ ಬರಲಿಲ್ಲ.

ಗೊತ್ತಿತ್ತು. ಗಾಜಿನ ಮೇಲೆ ಬರೆದ 4ಕ್ಕೂ, ರಬ್ಬರಿನ 4ಕ್ಕೂ ವ್ಯತ್ಯಾಸ ಇದೆ. ಕೀಪ್ಯಾಡಿನಲ್ಲಿ ಹೆಬ್ಬೆರಳು ನೋಡದೆ ದಾರಿ ಹಿಡಿಯುತ್ತಿತ್ತು, 5ರ ಮೇಲಿನ ಸಣ್ಣ ಉಬ್ಬು ಸಿಕ್ಕರೆ ಸಾಕು. ಗಾಜಿನ ಮೇಲೆ ಕಣ್ಣು ಕೆಳಗೆ ಹೋಗುತ್ತದೆ, ಅಷ್ಟರಲ್ಲಿ ಹಾವು ಸತ್ತಿರುತ್ತದೆ. ಒಂದು ಚಿಕ್ಕ ಬ್ಲೂಟೂತ್ ಕೀಬೋರ್ಡ್ ಜೋಡಿಸಿ ನೋಡಿ, ಸ್ವಲ್ಪ ಪರವಾಗಿಲ್ಲ.

ಇನ್ನರ್ಧ ಮಜಾ ಎಲ್ಲಿತ್ತು ಅಂದರೆ ಬಚ್ಚಲಿನ ಚೆಂಬಿನ ಸದ್ದಿನಲ್ಲಿ. ಫೋನ್ ನಮ್ಮದಾಗಿರಲಿಲ್ಲ. ಈಗ ದಿನಪೂರ್ತಿ ನಮ್ಮದೇ. ಅದಕ್ಕೆ ಯಾವ ಆ್ಯಪ್‌ನಲ್ಲೂ ಸೆಟ್ಟಿಂಗ್ ಇಲ್ಲ.

ಹಳೇ ಫೋನ್ ಸಿಕ್ಕಿದೆ, ಆನ್ ಆಗುತ್ತಿಲ್ಲ.

ಹತ್ತರಲ್ಲಿ ಒಂಬತ್ತು ಸಲ ಬ್ಯಾಟರಿ. ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಮೇಜಿನ ಮೇಲೆ ಇಡಿ. ಬುಗುರಿಯ ಹಾಗೆ ತಿರುಗಿದರೆ ಅದು ಉಬ್ಬಿದೆ ಅಂತ ಅರ್ಥ. ಅದನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಕಸದ ಡಬ್ಬಿಗೂ ಬೇಡ. ಇ-ಕಸ ತೆಗೆದುಕೊಳ್ಳುವವರಿಗೆ ಕೊಡಿ.

1100 ಮತ್ತು ಅದರ ಸುಮಾರು ದಾಯಾದಿಗಳಿಗೆ ಬೇಕಾದದ್ದು ಬಿಎಲ್-5ಸಿ ಬ್ಯಾಟರಿ. ಈ ಹೆಸರು ಕೆಲವರಿಗೆ ನೆನಪಿರಬಹುದು. 2007ರ ಆಗಸ್ಟಿನಲ್ಲಿ ಇದೇ ಬ್ಯಾಟರಿ ಬಿಸಿಯಾಗುವ ಬಗ್ಗೆ ನೋಕಿಯಾ ಎಚ್ಚರಿಕೆ ಕೊಟ್ಟು, 4.6 ಕೋಟಿ ಬ್ಯಾಟರಿಗಳನ್ನು ಬದಲಿಸಿಕೊಡಲು ಮುಂದಾಗಿತ್ತು. ಆ ವಾರ ಊರೆಲ್ಲ ಫೋನ್ ಬಿಚ್ಚಿ ನಂಬರ್ ನೋಡಿದ್ದೇ ನೋಡಿದ್ದು. ಈಗಲೂ ಅದೇ ಅಳತೆಯ ಹೊಸ ಬ್ಯಾಟರಿ ಸಿಗುತ್ತದೆ, ಯಾಕೆಂದರೆ ಎಫ್‌ಎಂ ರೇಡಿಯೋ, ಚಿಕ್ಕ ಸ್ಪೀಕರುಗಳಲ್ಲಿ ಅದೇ ಬಳಸುತ್ತಾರೆ. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ.

ಬ್ಯಾಟರಿ ಹಾಕಿದೆ, ಆನ್ ಆಯಿತು. "ಸಿಮ್ ಹಾಕಿ" ಅಂತ ನಿಂತುಬಿಟ್ಟಿದೆ. ಗೇಮ್ ಆಡಲೂ ಸಿಮ್ ಬೇಕಾ?

3310, 1100 ಥರದ ಫೋನುಗಳಿಗೆ ಬೇಕು. ಸಿಮ್ ಇಲ್ಲದೆ ಮೆನು ತೆರೆಯುವುದೇ ಇಲ್ಲ. ಆದರೆ ಜೀವಂತ ಸಿಮ್ಮೇ ಆಗಬೇಕಿಲ್ಲ. ಡ್ರಾಯರಿನಲ್ಲಿ ಬಿದ್ದಿರುವ ಯಾವುದಾದರೂ ಸತ್ತ ಸಿಮ್ ಹಾಕಿ, ನೆಟ್‌ವರ್ಕ್ ಬರದಿದ್ದರೂ ಹಾವು ಬರುತ್ತದೆ. ಚಿಕ್ಕ ನ್ಯಾನೋ ಸಿಮ್ ಆದರೆ ಪ್ಲಾಸ್ಟಿಕ್ ಅಡಾಪ್ಟರ್ ಬೇಕು.

ಕರೆಗೂ ಬೇಕು ಅಂದರೆ 2ಜಿ ಇರುವ ಕಂಪನಿಯ ಸಿಮ್ ಆಗಬೇಕು. ಜಿಯೋಗೆ 2ಜಿ ಇಲ್ಲ, ಅದು ಇದರಲ್ಲಿ ನಡೆಯುವುದಿಲ್ಲ.

ಆನ್‌ಲೈನಿನಲ್ಲಿ "ಹೊಚ್ಚಹೊಸ 3310, ಬಾಕ್ಸ್ ಸಮೇತ" ಅಂತ ಮಾರುತ್ತಿದ್ದಾರೆ. ಕೊಳ್ಳಲಾ?

ಬೇಡ ಅಂತಲೇ ನನ್ನ ಸಲಹೆ. ಹಳೇ ಬೋರ್ಡಿಗೆ ಹೊಸ ಬಾಡಿ ತೊಡಿಸಿ ಮಾರುವುದೇ ಹೆಚ್ಚು. ಕೀ ಒತ್ತಿದರೆ ಕಡ್ಲೇಪುರಿ ಒತ್ತಿದ ಹಾಗಿರುತ್ತದೆ. ಮೊದಲು ನಿಮ್ಮ ಮಾವ, ಚಿಕ್ಕಪ್ಪ, ತವರುಮನೆಯ ಬೀರು ಎಲ್ಲ ಹುಡುಕಿ. ನನ್ನ 11ರಲ್ಲಿ ಒಂಬತ್ತು ಹಾಗೆ ಸಿಕ್ಕವು.

2017ರಲ್ಲಿ ಎಚ್‌ಎಂಡಿ ಕಂಪನಿ ನೋಕಿಯಾ ಹೆಸರಲ್ಲಿ ಹೊಸ 3310 ತಂದಿತು, ಅದು ಬೇರೆ. ಅದರಲ್ಲೂ ಹಾವಿದೆ, ಗೇಮ್‌ಲಾಫ್ಟ್ ಮಾಡಿದ ಬಣ್ಣದ ಹಾವು. ನೋಡಲು ಚೆಂದ. ನನಗೆ ಒಗ್ಗಲಿಲ್ಲ.

ಬ್ಯಾಟರಿ ತೆಗೆದರೆ ಹಳೇ ಸ್ಕೋರ್ ಅಳಿಸಿಹೋಗುತ್ತಾ?

ಇಲ್ಲ. ಗಡಿಯಾರ ತಪ್ಪುತ್ತದೆ, ಟಾಪ್ ಸ್ಕೋರ್ ಉಳಿಯುತ್ತದೆ. ಅದಕ್ಕೇ ಹೇಳುವುದು, ಹಳೇ ಫೋನ್ ಸಿಕ್ಕ ಕೂಡಲೇ ರೀಸೆಟ್ ಮಾಡಬೇಡಿ. ಮೊದಲು ಟಾಪ್ ಸ್ಕೋರ್ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

1100ರಲ್ಲಿ ಸ್ಕೋರಿನ ಜೊತೆ ಹೆಸರು ಬರುವುದಿಲ್ಲ, ಬರೀ ಸಂಖ್ಯೆ. ಅಪ್ಪನ ಫೋನಿನಲ್ಲಿ 1,846 ಅಂತ ಇದೆ. ನನ್ನದಲ್ಲ, ನಾನು ಸಾವಿರ ದಾಟಿದವನಲ್ಲ. ಅಣ್ಣ ತನ್ನದೇ ಅಂತ ಹತ್ತು ವರ್ಷ ಮೆರೆದ. ಹೋದ ಯುಗಾದಿಗೆ ಹೊಸ ಬ್ಯಾಟರಿ ಹಾಕಿ ಆನ್ ಮಾಡಿದಾಗ ಮತ್ತೆ ಅದೇ ಜಗಳ ಬಂತು. ಒಬ್ಬಟ್ಟು ತಟ್ಟುತ್ತಿದ್ದ ಅಮ್ಮ ಅಲ್ಲಿಂದಲೇ ಹೇಳಿದರು: "ಕರೆಂಟ್ ಹೋದಾಗ ನಿಮ್ಮಪ್ಪ ಟಾರ್ಚಿಗೆ ಅಂತ ನನ್ನ ಕೈಗೆ ಕೊಡ್ತಿದ್ರಲ್ಲ. ನೀವಿಬ್ಬರೂ ಮಲಗಿರ್ತಿದ್ರಿ."

ಅಣ್ಣ ಇನ್ನೂ ಒಪ್ಪಿಲ್ಲ.